ಸಹಾಯ ಬೇಕು: ಬೀಡಿ ಕಟ್ಟಿನ ಹಳೇ ರೇಟು ನೆನಪಿದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಎಂಎ ಎಕನಾಮಿಕ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ತಂಬಾಕಿನ ತೆರಿಗೆ ಮತ್ತು ಬೆಲೆಯ ವಿಷಯ ತಗೊಂಡಿದ್ದೇನೆ.

ಬೆಲೆ 10% ಏರಿದರೆ ಶ್ರೀಮಂತ ದೇಶಗಳಲ್ಲಿ ಸೇದುವುದು ಸುಮಾರು 4% ಇಳಿಯುತ್ತದೆ, ನಮ್ಮಂಥ ದೇಶಗಳಲ್ಲಿ ಸುಮಾರು 8% ಎಂದು ವಿಶ್ವ ಬ್ಯಾಂಕ್ 1999ರಲ್ಲೇ ಅಂದಾಜು ಮಾಡಿತ್ತು. ಕೈಯಲ್ಲಿ ಕಾಸು ಕಮ್ಮಿ ಇರೋರಿಗೆ ಬೆಲೆಯ ಬಿಸಿ ಬೇಗ ತಟ್ಟುತ್ತದೆ, ಅಲ್ವಾ? ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಸೆಸ್ ಅನ್ನೋ ಹೆಚ್ಚುವರಿ ತೆರಿಗೆ ಹಾಕಿದರು, ಬೀಡಿಗೆ ಹಾಕಲಿಲ್ಲ. ಬಡವರು ಜಾಸ್ತಿ ಸೇದುವುದೇ ಬೀಡಿ. ನನಗೆ ಇದು ದೊಡ್ಡ ತಪ್ಪು ಅನಿಸುತ್ತದೆ.

ಮೊನ್ನೆ ಯಶವಂತಪುರದ ಹತ್ತಿರ ಒಂದು ಪೆಟ್ಟಿಗೆ ಅಂಗಡಿ ಮುಂದೆ ನಿಂತಿದ್ದೆ. ಗಾರೆ ಕೆಲಸದವರೊಬ್ಬರು ಬಂದರು. ಕೈಯಲ್ಲಿ ಇನ್ನೂ ಸಿಮೆಂಟ್ ಒಣಗಿತ್ತು. ಚಿಲ್ಲರೆ ಎಣಿಸಿ ಒಂದು ಕಟ್ಟು ಬೀಡಿ ತಗೊಂಡರು, ದಾರಕ್ಕೆ ಕಟ್ಟಿದ್ದ ಲೈಟರ್‌ನಲ್ಲಿ ಹಚ್ಚಿಕೊಂಡರು, ಕೆಮ್ಮುತ್ತಾ ಹೋದರು. ನಮ್ಮ ತಾತನೂ ಹೀಗೇ ಕೆಮ್ಮುತ್ತಿದ್ದರು.

ನನಗೆ ಬೇಕಾಗಿರುವುದು ಇಷ್ಟೇ. ಪೀಣ್ಯ, ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯ ಕಡೆ ಇರುವವರು ಬೀಡಿ ಕಟ್ಟಿನ ಈಗಿನ ರೇಟು ಕೇಳಿ ಹೇಳ್ತೀರಾ? ಕಟ್ಟಿನಲ್ಲಿ ಎಷ್ಟು ಬೀಡಿ ಇದೆ ಅನ್ನೋದೂ ಬೇಕು. ಬೆಲೆ ಅಷ್ಟೇ ಇಟ್ಟು ಬೀಡಿ ಕಮ್ಮಿ ಮಾಡಿದರೆ ಲೆಕ್ಕವೇ ತಪ್ಪುತ್ತದೆ. ಅಂಗಡಿ ಇಟ್ಟಿರೋರ ಹತ್ತಿರ 2017ಕ್ಕಿಂತ ಹಿಂದಿನ ಬಿಲ್ಲು ಇದ್ದರೆ ಫೋಟೋ ಕಳಿಸಿ. ಅಂಗಡಿ ಹೆಸರು ಎಲ್ಲೂ ಹಾಕುವುದಿಲ್ಲ. ಇಲ್ಲೇ ಕಾಮೆಂಟ್ ಮಾಡಿದರೂ ಸಾಕು.