ರೆವಿಟ್‌ದಾಗ ಕ್ಯಾಂಪಸ್ ಮಾಡೆಲ್ ನಡಗಲತ್ತದ, ಬಿಲ್ಡಿಂಗ್ ಒಂದಕ್ಕೊಂದು ಕೂಡವಲ್ವು

ತೊಗರಿ_ನಾಡು (ಕಲಬುರಗಿ):
ನಮಸ್ಕಾರ್ರೀ ಎಲ್ಲಾರಿಗೂ. ಕಲಬುರಗಿ ಹತ್ರ ಒಂದು ಯುನಿವರ್ಸಿಟಿ ಕ್ಯಾಂಪಸ್ ಕೆಲಸ ನಡದದ, ಹೆಸರು ಬ್ಯಾಡ. ಲೈಬ್ರರಿ, ಲ್ಯಾಬ್, ಎರಡು ಹಾಸ್ಟೆಲ್. ಈ ಸಲ ಎಲ್ಲಾ ಬಿಮ್‌ದಾಗೇ (ಕಟ್ಟಡದ 3ಡಿ ಕಂಪ್ಯೂಟರ್ ಮಾಡೆಲ್) ಮಾಡಬೇಕಂತ ಟೆಂಡರ್‌ದಾಗ ಬರದಾರ, ಅದಕ್ಕ ರೆವಿಟ್ ಸಾಫ್ಟ್‌ವೇರ್ ಹಿಡದೀವಿ. ನಮ್ಮ ಮೇಸ್ತ್ರಿಗೆ ಹೇಳಿದ್ರ "ಯಾವ ಬೀಮ್ ರೀ ಸರ, ಪ್ಲಿಂಥ್ ಬೀಮೋ ರೂಫ್ ಬೀಮೋ?" ಅಂದ. ಅದಿರ್ಲಿ.

ತೊಂದ್ರಿ ಏನಂದ್ರ, ಸರ್ವೇದವರು ಕೊಟ್ಟ ಡಿಡಬ್ಲ್ಯೂಜಿ (ಆಟೋಕ್ಯಾಡ್ ಡ್ರಾಯಿಂಗ್) ಫೈಲ್ ಸೈಟ್ ಮಾಡೆಲ್‌ಗೆ ಒರಿಜಿನ್-ಟು-ಒರಿಜಿನ್, ಅಂದ್ರ ಎರಡರ 0,0 ಬಿಂದು ಕೂಡಿಸಿ, ಲಿಂಕ್ ಮಾಡೀನಿ. 20 ಮೈಲಿ ಅಂತ ಏನೋ ಒಂದು ವಾರ್ನಿಂಗ್ ಬಂತು, ಓಕೆ ಒತ್ತಿ ಮುಂದ ಹೋದೆ. ಆವಾಗಿಂದ ಗೆರಿ ನಡಗತಾವ, ಹ್ಯಾಚ್ ಅರ್ಧ ಮಾಯ, ಸ್ನ್ಯಾಪ್ ಎಲ್ಲೋ ಹಿಡೀತದ. ಎಲ್ಲಾರ ಮಾಡೆಲ್ ಕೂಡಿಸಿ ನೋಡೋ ನೇವಿಸ್‌ವರ್ಕ್ಸ್‌ದಾಗ ಲೈಬ್ರರಿ ಕಾಣ್ತದ, ಹಾಸ್ಟೆಲ್ ಹುಡುಕಿದ್ರೂ ಸಿಗವಲ್ದು. ಸೋಮವಾರ ಕ್ಲ್ಯಾಶ್ ಮೀಟಿಂಗ್ (ಯಾವ್ದು ಯಾವ್ದಕ್ಕ ಡಿಕ್ಕಿ ಹೊಡೀತದ ನೋಡೋದು) ಅದ.

ರೆಂಡರ್_ರಾಯ (ಬೆಂಗಳೂರು):
ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ. ನನಗೂ ಗೆರೆ ಹೀಗೇ ಮಿನುಗ್ತಿತ್ತು, ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿದ್ಮೇಲೆ ಸರಿಹೋಯ್ತು.

ತೊಗರಿ_ನಾಡು:
ಎರಡೂ ಮಾಡೀನ್ರಿ. ಬ್ಯಾರೆ ಫೈಲ್ ಚಂದ ತೆರೀತಾವ, ಇದೊಂದೇ ಹಿಂಗ.

ಬಿದರಿ_ಥಿಯೋಡೊಲೈಟ್ (ಬೀದರ್):
ಡ್ರೈವರ್ ಬಿಡ್ರಿ. ಆ ಡಿಡಬ್ಲ್ಯೂಜಿ ಆಟೋಕ್ಯಾಡ್‌ದಾಗ ತೆರದು, ಯಾವುದರ ಒಂದು ಬಾಂದಕಲ್ಲಿನ ಮ್ಯಾಲ ಐಡಿ ಕಮಾಂಡ್ ಕೊಡ್ರಿ, ಆ ಬಿಂದು ಎಲ್ಲದ ಅಂತ ಹೇಳ್ತದ. ಎಕ್ಸ್, ವೈ ಎಷ್ಟು ಬರ್ತಾವ?

ತೊಗರಿ_ನಾಡು:
ಎಕ್ಸ್ 6,94,000 ಚಿಲ್ಲರ, ವೈ 19,17,000 ಚಿಲ್ಲರ. ಮೀಟರ್‌ದಾಗ.

ಬಿದರಿ_ಥಿಯೋಡೊಲೈಟ್:
ಅಲ್ಲೇ ಅದ ನೋಡ್ರಿ. ಇದು ಯುಟಿಎಂ (ಭೂಮಿನ ವಲಯ ಮಾಡಿ ಮೀಟರ್‌ದಾಗ ಅಳಿಯೋ ಪದ್ಧತಿ), 43ನೇ ವಲಯ. 75 ಡಿಗ್ರಿ ರೇಖಾಂಶಕ್ಕ 5 ಲಕ್ಷ ಮೀಟರ್ ಅಂತ ಹಿಡದು ಪೂರ್ವಕ್ಕ ಎಣಸ್ತಾರ, ಉತ್ತರದ್ದು ಭೂಮಧ್ಯರೇಖೆಯಿಂದ. ಅಂದ್ರ ನಿಮ್ಮ ಹಾಸ್ಟೆಲ್ ರೆವಿಟ್‌ನ ಇಂಟರ್ನಲ್ ಒರಿಜಿನ್‌ನಿಂದ (ಅದರ ಒಳಗಿನ 0,0 ಬಿಂದು) ಎರಡು ಸಾವಿರ ಕಿ.ಮೀ. ಆಚಿ ಕುಂತದ. ರೆವಿಟ್ ಆ ಒರಿಜಿನ್ ಸುತ್ತ 10 ಮೈಲಿ, ಅಂದ್ರ 16 ಕಿ.ಮೀ. ಒಳಗಷ್ಟೇ ಲೆಕ್ಕ ನೆಟ್ಟಗ ಇಡ್ತದ.

ಹಳೇ ಸೈಟ್ ಫೈಲ್ ರಿಪೇರಿ ಮಾಡ್ಲಿಕ್ಕ ಹೋಗಬ್ಯಾಡ್ರಿ. ಡಿಡಬ್ಲ್ಯೂಜಿದು ಒಂದು ಕಾಪಿ ತೊಗೊಂಡು ಝೂಮ್ ಎಕ್ಸ್‌ಟೆಂಟ್ಸ್ ಮಾಡ್ರಿ. ಟೈಟಲ್ ಬ್ಲಾಕೋ ಉತ್ತರದ ಬಾಣವೋ 0,0 ಹತ್ರ ಬಿದ್ದಿರ್ತದ (ನಾನೂ ಬಿಟ್ಟೀನಿ, ಸುಳ್ಳ್ಯಾಕ ಹೇಳ್ಲಿ). ಅದು ಇದ್ರ ಡ್ರಾಯಿಂಗಿನ ನಡುಬಿಂದು ಎಲ್ಲೋ ಹೋಗ್ತದ, ಅದನ್ನ ಅಳಸ್ರಿ, ಸರ್ವೇ ಗೆರಿ ಮಾತ್ರ ಅಲುಗಿಸಬ್ಯಾಡ್ರಿ. ಆಮ್ಯಾಲ ಹೊಸಾ ಸೈಟ್ ಫೈಲ್‌ದಾಗ ಸೆಂಟರ್-ಟು-ಸೆಂಟರ್ ಲಿಂಕ್ ಮಾಡಿ, ಅಕ್ವೈರ್ ಕೋಆರ್ಡಿನೇಟ್ಸ್ ಒತ್ತಿ ಆ ಲಿಂಕ್ ಆರಿಸ್ರಿ, ಸರ್ವೇದ ಅಳತಿ ಸೈಟ್ ಫೈಲ್‌ಗೆ ಬರ್ತದ. ಬಿಲ್ಡಿಂಗ್ ಫೈಲ್ ಒಂದೊಂದೇ ತಂದು, ಸರ್ವೇ ಮ್ಯಾಲಿನ ಗ್ರಿಡ್ ಮೂಲಿಗೆ ಕೂಡಿಸಿ ತಿರುಗಿಸಿ, ಪಬ್ಲಿಶ್ ಕೋಆರ್ಡಿನೇಟ್ಸ್ ಒತ್ತಿ ಅದೇ ಅಳತಿ ಅವಕ್ಕೂ ಕೊಡ್ರಿ. ಇನ್ಮ್ಯಾಲ ಲಿಂಕ್ ಎಲ್ಲಾ 'ಬೈ ಶೇರ್ಡ್ ಕೋಆರ್ಡಿನೇಟ್ಸ್'. ನೇವಿಸ್‌ವರ್ಕ್ಸ್‌ಗೆ ತೆಗಿವಾಗೂ ಸೆಟ್ಟಿಂಗ್ ಶೇರ್ಡ್ ಇರ್ಲಿ.

ತೊಗರಿ_ನಾಡು:
ಸರ, ನಡುಗೋದು ನಿಂತದ! 0,0 ಹತ್ರ ಖರೇನ ಒಂದು ಟೈಟಲ್ ಬ್ಲಾಕ್ ಇತ್ತು. ನಾಲ್ಕೂ ಬಿಲ್ಡಿಂಗ್ ಜಾಗಕ್ಕ ಕುಂತಾವ. ಆದ್ರ ಪ್ಲಂಬಿಂಗ್‌ದವರ ಒಳಚರಂಡಿ ಲೈನ್ ಲೈಬ್ರರಿ ಹತ್ರ ಸರಿ ಅದ, ಅಲ್ಲಿಂದ 300 ಮೀಟರ್ ದೂರದ ಹಾಸ್ಟೆಲ್ ಕಡಿ ಸುಮಾರು 2.8 ಮೀಟರ್ ಆಚಿ ಹೋಗ್ಯದ. ಮ್ಯಾನ್‌ಹೋಲ್ ಮೆಸ್‌ನ ಅಡಗಿಮನ್ಯಾಗ ಬಂದದ.

ಬಿದರಿ_ಥಿಯೋಡೊಲೈಟ್:
ಹತ್ರ ಸರಿ, ದೂರ ಹೋದಂಗ ತಪ್ಪು ಅಂದ್ರ ಅದು ಸರದಿಲ್ಲ, ತಿರುಗ್ಯದ. 300ಕ್ಕ 2.8 ಅಂದ್ರ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ. ಅವ್ರು ಟ್ರೂ ನಾರ್ತ್ ಕೋನ ಎಲ್ಲಿಂದ ತೊಗೊಂಡಾರ, ಕೇಳ್ರಿ.

ತೊಗರಿ_ನಾಡು:
ಗೂಗಲ್ ಮ್ಯಾಪ್ ಮ್ಯಾಲ ಲೈಬ್ರರಿ ಗ್ವಾಡಿ ಅಳದು ಕೈಲೆ ಹಾಕ್ಯಾರಂತ.

ಬಿದರಿ_ಥಿಯೋಡೊಲೈಟ್:
ಸಿಕ್ತಲ್ಲ. ಗೂಗಲ್ ಮ್ಯಾಪ್‌ದು ಖರೇ ಉತ್ತರ, ಸರ್ವೇದ್ದು ಗ್ರಿಡ್ ಉತ್ತರ, ಅಂದ್ರ ಯುಟಿಎಂ ಚೌಕದ ಉದ್ದ ಗೆರಿ ತೋರ್ಸೋ ದಿಕ್ಕು. 75 ಡಿಗ್ರಿ ರೇಖಾಂಶದ ಮ್ಯಾಲ ಎರಡೂ ಒಂದೇ. ಕಲಬುರಗಿ ಅಲ್ಲಿಂದ 1.83 ಡಿಗ್ರಿ ಪೂರ್ವಕ್ಕದ. ಅದಕ್ಕ ಅಕ್ಷಾಂಶ 17.33ರ ಸೈನ್, ಅಂದ್ರ 0.298, ಗುಣಿಸ್ರಿ: 0.545 ಡಿಗ್ರಿ, ಹತ್ತತ್ರ 33 ಮಿನಿಟು. 300 ಮೀಟರ್‌ಗೆ 2.85 ಆಗ್ತದ. ರೆವಿಟ್ ಈ ಗ್ರಿಡ್ ಉತ್ತರಕ್ಕೇ 'ಟ್ರೂ ನಾರ್ತ್' ಅಂತ ಹೆಸರಿಟ್ಟು ಮಂದಿಗಿ ದಾರಿ ತಪ್ಪಿಸ್ಯದ. ಅಕ್ವೈರ್ ಮಾಡಿದ ಮ್ಯಾಲ ಅದು ಬರೇ ಡ್ರಾಯಿಂಗಿನ ವೈ ಅಕ್ಷ.

ಪೈಪ್ ಮತ್ತ ಗೀಚೋದು ಬೇಕಿಲ್ಲ. ಅವ್ರ ಫೈಲ್ ಒಳಗ ಪೈಪು, ಕಟ್ಟಡ ಕೂಡೇ ಇರಬೇಕು, ನೋಡಿ ಖಾತ್ರಿ ಮಾಡ್ಕೋರಿ. ನಿಮ್ಮ ಸೈಟ್ ಫೈಲ್ ಲಿಂಕ್ ಮಾಡಿ, ಲೈಬ್ರರಿ ಗ್ರಿಡ್‌ಗೆ ಕೂಡಿಸಿ, ಅಕ್ವೈರ್ ಮಾಡ್ಲಿ. ಐಎಫ್‌ಸಿ (ಬ್ಯಾರೆ ಸಾಫ್ಟ್‌ವೇರ್‌ದವರಿಗೂ ತೆರಿಯೋ ಫೈಲ್) ತೆಗಿವಾಗ ಕೋಆರ್ಡಿನೇಟ್ ಬೇಸ್ ಶೇರ್ಡ್ ಇಡ್ಲಿ. ಕೋನ ಕೈಲೆ ಹಾಕೋ ಚಟ ಬಿಡಸ್ರಿ.

ರೆಂಡರ್_ರಾಯ:
ನಾನು ಡ್ರೈವರ್ ಅಂದಿದ್ದು ಮರೆತುಬಿಡಿ 🙂 ನಮ್ಮ ಹಳೇ ಪ್ರಾಜೆಕ್ಟ್ ಒಂದನ್ನ ಈಗ ತೆಗೆದು ನೋಡ್ಬೇಕು.

ತೊಗರಿ_ನಾಡು:
ಮ್ಯಾನ್‌ಹೋಲ್ ಅಡಗಿಮನಿ ಬಿಟ್ಟು ಹೊರಗ ಬಂತು ಸರ. ಇನ್ನ ಲೆವೆಲ್ ಒಂದು ಉಳದದ, ಸರ್ವೇ ಗೆರಿ ಎಲ್ಲಾ ಝೆಡ್ (ಎತ್ತರ) ಸೊನ್ನಿದಾಗ ಅವ. ಬ್ಯಾರೆ ಪೋಸ್ಟ್ ಹಾಕ್ತೀನಿ.

ಬಿದರಿ_ಥಿಯೋಡೊಲೈಟ್:
ಹಾಕ್ರಿ. ಬೆಂಚ್‌ಮಾರ್ಕ್ ಕಲ್ಲಿಂದು (ಎತ್ತರ ಅಳಿಲಿಕ್ಕ ಆಧಾರ) ಫೋಟೋನೂ ಹಚ್ಚ್ರಿ, ಎಷ್ಟು ಆಳ ಹುಗದಾರ ಅದೂ ಬರೀರಿ. ನಿಮ್ಮದು ಎರಿ ಮಣ್ಣು, ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಕುಂದ್ರತದ, ಕಲ್ಲೂ ಅದರ ಸಂಗಟ ಏರಿಳೀತದ.