1/25 ಸ್ಲಿಂಗ್‌ಶಾಟ್ ಡ್ರ್ಯಾಗ್‌ಸ್ಟರ್: ಮುಂದಿನ ಬಲ ಚಕ್ರ ನೆಲ ಮುಟ್ಟುತ್ತಿಲ್ಲ

ಕರಾವಳಿ_ಮಾಡೆಲ್:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದು ಡ್ರ್ಯಾಗ್‌ಸ್ಟರ್‌ನ (ನೇರ ದಾರಿಯ ವೇಗದ ಪಂದ್ಯಕ್ಕೆಂದೇ ಕಟ್ಟುವ ಕಾರು) ಪ್ಲಾಸ್ಟಿಕ್ ಮಾಡೆಲ್ ಕಟ್ಟುತ್ತಿದ್ದೇನೆ. 1960ರ ದಶಕದ ಶುರುವಿನ ಸ್ಲಿಂಗ್‌ಶಾಟ್, 1/25 ಅಳತೆ, ಹಳೇ ಅಚ್ಚಿನಿಂದ ಮತ್ತೆ ಬಿಟ್ಟ ಕಿಟ್. ಬ್ಲೋವರ್ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪ್) ಇರುವ ಕ್ರೈಸ್ಲರ್ 392 ಹೆಮಿ ಎಂಜಿನ್. ಎಂಜಿನ್ ಚೆನ್ನಾಗಿ ಬಂತು. ಚಾಸಿಗೆ ಬಣ್ಣವೂ ಆಯಿತು. ಮೊನ್ನೆ ನಾಲ್ಕೂ ಚಕ್ರ ಹಾಕಿ ಮೇಜಿನ ಮೇಲಿಟ್ಟರೆ ಮುಂದಿನ ಬಲ ಚಕ್ರ ಗಾಳಿಯಲ್ಲಿ ನಿಂತಿದೆ. ಸುಮಾರು 2 ಮಿ.ಮೀ. ಮೇಲೆ.

ಮುಂದಿನ ಆ್ಯಕ್ಸಲ್ ಡೊಂಕಾಗಿರಬೇಕು ಅಂದುಕೊಂಡು ಬಿಸಿ ನೀರು ಹಾಕಿ ಬಗ್ಗಿಸಿದೆ. ರಾತ್ರಿ ಸರಿ ಇತ್ತು. ಬೆಳಿಗ್ಗೆ ನೋಡಿದರೆ ಮತ್ತೆ ಮೊದಲಿನ ಹಾಗೇ. ಎರಡು ಸಲ ಮಾಡಿ ನೋಡಿದ್ದೇನೆ. ಇನ್ನೊಮ್ಮೆ ಬಗ್ಗಿಸಿದರೆ ಮುರಿದೇ ಹೋಗುತ್ತದೆ.

ಇನ್ನೊಂದು ವಿಷಯ. ಮೂಗಿನ ಭಾಗಕ್ಕೆ ಲ್ಯಾಕರ್ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆದೆ. ಹತ್ತು ನಿಮಿಷದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ನಾನಿರುವುದು ಮಂಗಳೂರಿನಲ್ಲಿ, ಈಗ ಜೋರು ಮಳೆ. ಅದಕ್ಕೇ ಹೀಗಾಯಿತಾ?

ಅಂಟು_ಬ್ಲೇಡು:

ಆ್ಯಕ್ಸಲ್ ಬಗ್ಗಿಸುವ ಬದಲು ಬಲಗಡೆ ಸ್ಪಿಂಡಲ್ (ಚಕ್ರ ಕೂರುವ ಆ್ಯಕ್ಸಲ್ ತುದಿ) ಕತ್ತರಿಸಿಬಿಡಿ. 2 ಮಿ.ಮೀ. ಕೆಳಗಿಳಿಸಿ ಮತ್ತೆ ಅಂಟಿಸಿ. ನಾನು ಒಂದು ಕಾರಿಗೆ ಹಾಗೇ ಮಾಡಿದ್ದೆ. ಶೋಕೇಸಿನಲ್ಲಿ ಇಟ್ಟರೆ ಯಾರಿಗೂ ಕಾಣುವುದಿಲ್ಲ.

ಹಳೇ_ಸ್ಟೈರೀನ್:

ಸ್ವಲ್ಪ ತಡೀರಿ ಸರ್, ಈಗಲೇ ಏನೂ ಕತ್ತರಿಸಬೇಡಿ. ಬಾಡಿ ಮುಚ್ಚಿದ ಕಾರಾದರೆ ಅಂಟು_ಬ್ಲೇಡು ಹೇಳಿದ್ದು ನಡೆಯುತ್ತದೆ. ಸ್ಲಿಂಗ್‌ಶಾಟ್‌ನಲ್ಲಿ ಮುಂದಿನ ಆ್ಯಕ್ಸಲ್ ಪೂರ್ತಿ ಬಯಲಲ್ಲಿದೆ. ಚಕ್ರ ಸೈಕಲ್ ಚಕ್ರದಷ್ಟು ತೆಳ್ಳಗೆ. ಎರಡು ಸ್ಪಿಂಡಲ್ ಒಂದೇ ಎತ್ತರದಲ್ಲಿ ಇಲ್ಲದಿದ್ದರೆ ಎದುರಿನಿಂದ ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೊದಲು ನಾಲ್ಕು ವಿಷಯ ತಿಳಿಸಿ.

ಮೇಜು ಮರದ್ದಾ? ಹಾಗಿದ್ದರೆ ಅದನ್ನು ನಂಬಬೇಡಿ. ದಪ್ಪ ಗಾಜಿನ ತುಂಡೋ, ಪಾಲಿಶ್ ಮಾಡಿದ ಗ್ರಾನೈಟ್ ತುಂಡೋ ತಗೊಂಡು ಅದರ ಮೇಲಿಡಿ.

ಹಿಂದಿನ ಎರಡು ಸ್ಲಿಕ್ (ಗೀರಿಲ್ಲದ ನುಣುಪು) ಟೈರ್ ಅದಲುಬದಲು ಮಾಡಿ ನೋಡಿ. ಗಾಳಿಯಲ್ಲಿರುವ ಚಕ್ರ ಈಗ ಎಡಗಡೆಯದಾದರೆ ತಪ್ಪು ಟೈರಿನದು. ಒಂದು ಟೈರ್ ರಿಮ್ ಮೇಲೆ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಬಲಗಡೆಯದೇ ಮೇಲಿದ್ದರೆ ತಪ್ಪು ಚಾಸಿಯದು.

ಎಂಜಿನ್ ಕೂರಿಸಿದ್ದು ಚಾಸಿ ಒಣಗಿದ ಮೇಲಾ, ಒಟ್ಟಿಗೇನಾ? ಯಾವ ಅಂಟು ಹಾಕಿದಿರಿ?

ಕ್ಲಿಯರ್ ಬೆಳ್ಳಗಾಗಿದ್ದು ಮಳೆಯಿಂದಲೇ. ಲ್ಯಾಕರ್‌ನಲ್ಲಿರುವ ತಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಉಜ್ಜಿ ತೆಗೆಯಬೇಡಿ. ಬಿಸಿಲು ಬಂದ ಒಂದು ದಿನ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಬೆರೆಸಿದ ತಿನ್ನರ್ ಅನ್ನು ತೆಳ್ಳಗೆ, ಮಂಜಿನ ಹಾಗೆ ಹೊಡೆಯಿರಿ. ಮೇಲಿನ ಪದರ ಮತ್ತೆ ಕರಗಿ ತೇವ ಹೊರಗೆ ಹೋಗುತ್ತದೆ. ಅಲ್ಲಿಯವರೆಗೆ ಅದನ್ನು ಹಾಗೇ ಬಿಡಿ.

ಕರಾವಳಿ_ಮಾಡೆಲ್:

ತುಂಬಾ ಥ್ಯಾಂಕ್ಸ್ ಸರ್. ಗಾಜಿನ ಮೇಲಿಟ್ಟೆ, ಅದೇ 2 ಮಿ.ಮೀ. ಟೈರ್ ಬದಲಾಯಿಸಿದೆ, ಆಗಲೂ ಬಲ ಚಕ್ರವೇ ಮೇಲೆ. ಚಾಸಿ ಮೊದಲು ಕಟ್ಟಿದೆ, ಅದು ಒಣಗಿದ ಮೇಲೆ ಎಂಜಿನ್ ಇಟ್ಟೆ. ಎಂಜಿನ್ ಪ್ಲೇಟ್ (ಎಂಜಿನ್ ಅನ್ನು ಚಾಸಿಗೆ ಹಿಡಿಸುವ ತಟ್ಟೆ) ಚಾಸಿಗೆ ಸ್ವಲ್ಪ ಬಿಗಿಯಾಗಿತ್ತು. ಬೆರಳಲ್ಲಿ ಒತ್ತಿ ಹಿಡಿದು ಸೂಪರ್ ಗ್ಲೂ ಹಾಕಿದೆ. ಎಂಜಿನ್ ಇಡುವ ಮೊದಲು ಚಾಸಿ ನೇರವಾಗಿತ್ತಾ ಅಂತ ನೋಡಿರಲಿಲ್ಲ.

ಹಳೇ_ಸ್ಟೈರೀನ್:

"ಒತ್ತಿ ಹಿಡಿದು" ಅಂದಿರಲ್ಲ, ಅಲ್ಲೇ ಇದೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಈ ಕಾರಿನ ಕಟ್ಟೋಣವನ್ನು ಒಮ್ಮೆ ನೋಡಿ. ಸ್ಲಿಂಗ್‌ಶಾಟ್‌ನಲ್ಲಿ ಚಾಲಕ ಹಿಂದಿನ ಆ್ಯಕ್ಸಲ್‌ಗಿಂತಲೂ ಹಿಂದೆ ಕೂರುತ್ತಾನೆ, ಕವಣೆಯಲ್ಲಿ ಕಲ್ಲು ಕೂತ ಹಾಗೆ. ಹೆಸರು ಬಂದದ್ದೂ ಅದರಿಂದಲೇ. 1954ರಲ್ಲಿ ಅಮೆರಿಕದ ರೇಸರ್ ಮಿಕಿ ಥಾಂಪ್ಸನ್ ಇಂಥ ಕಾರು ಕಟ್ಟಿದ್ದು ಭಾರವೆಲ್ಲ ಹಿಂದಿನ ಟೈರ್ ಮೇಲೆ ಬಿದ್ದು ಹಿಡಿತ ಸಿಗಲಿ ಅಂತ. ಆ ಕಾಲದ ಇಂಥ ಕಾರುಗಳಲ್ಲಿ ಹಿಂದೆ ಸ್ಪ್ರಿಂಗ್ ಇಲ್ಲ. ಆ್ಯಕ್ಸಲ್ ನೇರವಾಗಿ ಚಾಸಿಗೆ ಬಿಗಿದಿರುತ್ತದೆ. ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್ ಕೂಡ ಇರಲಿಲ್ಲ. ಎಂಜಿನ್, ಕ್ಲಚ್, ಒಂದು ಗಿಡ್ಡ ಕಪ್ಲರ್, ಅದರ ಹಿಂದೆಯೇ ಡಿಫರೆನ್ಷಿಯಲ್. ಹಾಗಾಗಿ ಹಿಂಭಾಗವೆಲ್ಲ ಒಂದೇ ಗಟ್ಟಿ ಗಡ್ಡೆ. ಅದರ ಮುಂದೆ ಉದ್ದಕ್ಕೆ ಎರಡು ತೆಳು ಪೈಪ್, ಅಷ್ಟೇ.

ಕಿಟ್‌ನಲ್ಲೂ ಅದೇ ಕತೆ. ನಿಜವಾದ ಕಾರಿನ ಒಂದೂವರೆ ಇಂಚಿನ ಪೈಪ್ 1/25ಕ್ಕೆ ಇಳಿದರೆ 1.5 ಮಿ.ಮೀ. ಅಂದರೆ ಊದುಬತ್ತಿಯ ಕಡ್ಡಿಯಷ್ಟು ದಪ್ಪ. ಗಡ್ಡೆ ಎತ್ತ ತಿರುಗಿತೋ ಪೈಪ್ ಅತ್ತ ತಿರುಗುತ್ತದೆ. ನೀವು ಮುಂದಿನ ತುದಿಯನ್ನು ಎಷ್ಟು ಸಲ ಬಗ್ಗಿಸಿದರೂ ಹಿಂದಿನಿಂದ ತಳ್ಳುತ್ತಿರುವುದು ಹಾಗೇ ಇದೆ. ಅದಕ್ಕೇ ಬೆಳಗಾಗುವಷ್ಟರಲ್ಲಿ ಮತ್ತೆ ಮೊದಲಿನಂತೆ ಆಗುತ್ತಿದೆ.

ಲೆಕ್ಕ ಹಾಕಿ ನೋಡೋಣ. ಹಿಂದಿನ ಆ್ಯಕ್ಸಲ್‌ನಿಂದ ಎಂಜಿನ್ ಪ್ಲೇಟ್‌ಗೆ 50 ಮಿ.ಮೀ., ಮುಂದಿನ ಆ್ಯಕ್ಸಲ್‌ಗೆ 150 ಮಿ.ಮೀ. ಅಂತ ಇಟ್ಟುಕೊಳ್ಳಿ. ಪ್ಲೇಟ್ ಹತ್ತಿರ ಒಂದು ಪೈಪ್ 0.3 ಮಿ.ಮೀ. ಇಳಿದರೆ ಮುಂದೆ ಹೋಗುವಾಗ ಅದು ಮೂರು ಪಟ್ಟು, 0.9 ಮಿ.ಮೀ. ಪೈಪ್‌ಗಳ ನಡುವೆ 20 ಮಿ.ಮೀ. ಅಂತರ, ಚಕ್ರಗಳ ನಡುವೆ 48. ಹಾಗಾಗಿ ಚಕ್ರಕ್ಕೆ ಬರುವಾಗ ಇನ್ನೂ 2.4 ಪಟ್ಟು. ಒಟ್ಟು 2.16 ಮಿ.ಮೀ. ನಿಮ್ಮ 2 ಮಿ.ಮೀ. ಹುಟ್ಟಿಸಲು ಹಿಂದೆ ಒಂದು ಉಗುರಿನ ದಪ್ಪದ ತಪ್ಪು ಸಾಕು.

ಈಗ ಜಾಗ ಹುಡುಕಿ. ಮನೆಯಲ್ಲಿ ಸ್ವೆಟರ್ ಹೆಣೆಯುವ ಕಡ್ಡಿ ಇದ್ದರೆ ಎರಡು ತಗೊಳ್ಳಿ, ಉದ್ದ ಮತ್ತು ನೇರ ಇರಬೇಕು. ಒಂದನ್ನು ಹಿಂದಿನ ಆ್ಯಕ್ಸಲ್ ಪಕ್ಕ ಎರಡೂ ಪೈಪ್ ಮೇಲೆ ಅಡ್ಡ ಇಡಿ. ಇನ್ನೊಂದನ್ನು ಎಂಜಿನ್ ಪ್ಲೇಟ್‌ನ ಹಿಂದೆ ಇಡಿ. ಕಣ್ಣನ್ನು ಕಾರಿನ ಮಟ್ಟಕ್ಕೆ ಇಳಿಸಿ ಹಿಂದಿನಿಂದ ನೋಡಿ. ಕಡ್ಡಿಗಳು ಒಂದರ ಮೇಲೊಂದು ಗೆರೆ ಎಳೆದಂತೆ ಕಂಡರೆ ಅಲ್ಲಿಯವರೆಗೆ ಚಾಸಿ ಸರಿ ಇದೆ. ಮುಂದಿನ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾ ಹೋಗಿ. ಎಲ್ಲಿ ಒಂದು ತುದಿ ಇಳಿಯಲು ಶುರುವಾಗುತ್ತದೋ ಅಲ್ಲೇ ತಪ್ಪು. ಕಡ್ಡಿ ಉದ್ದ ಇದ್ದಷ್ಟೂ ಸಣ್ಣ ಓರೆ ದೊಡ್ಡದಾಗಿ ಕಾಣುತ್ತದೆ. ಬಡಗಿಗಳು ಹಲಗೆ ತಿರುಚಿದೆಯಾ ಅಂತ ನೋಡುವುದೂ ಹೀಗೇ.

ಒಂದು ಎಚ್ಚರಿಕೆ. ಬಲ ಚಕ್ರ ಮೇಲಿದೆ ಅಂದ ಮಾತ್ರಕ್ಕೆ ಬಲಗಡೆಯೇ ಹುಡುಕಬೇಡಿ. ಎಡ ಪೈಪ್ ಕೆಳಗೆ ತಳ್ಳಿಸಿಕೊಂಡಿದ್ದರೂ ಎಡ ಚಕ್ರ ನೆಲ ಒತ್ತಿ ಬಲ ಚಕ್ರ ಎದ್ದು ನಿಲ್ಲುತ್ತದೆ.

ಕರಾವಳಿ_ಮಾಡೆಲ್:

ಸರ್, ಸಿಕ್ಕಿತು! ಅಮ್ಮನ ಹತ್ತಿರ ಹೆಣಿಗೆ ಕಡ್ಡಿ ಇತ್ತು. ಆ್ಯಕ್ಸಲ್‌ನಿಂದ ಎಂಜಿನ್ ಪ್ಲೇಟ್‌ನವರೆಗೆ ಕಡ್ಡಿ ಸರಿಯಾಗಿ ಕೂರುತ್ತದೆ. ಪ್ಲೇಟ್ ದಾಟಿದ ಕೂಡಲೇ ಎಡ ತುದಿ ಇಳಿಯುತ್ತದೆ. ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಪ್ಲೇಟ್‌ನ ಎಡ ಕಿವಿಯ (ಪೈಪ್ ಮೇಲೆ ಕೂರುವ ಚಾಚು) ಅಡಿಯಲ್ಲಿ ಗುಂಡಗೆ ಒಂದು ಉಬ್ಬು ಇದೆ, ಸಾಸಿವೆ ಕಾಳನ್ನು ಚಪ್ಪಟೆ ಮಾಡಿದಷ್ಟು. ಬಲ ಕಿವಿಯಲ್ಲಿ ಇಲ್ಲ. ಆ ಉಬ್ಬು ಪೈಪ್ ಅನ್ನು ಕೆಳಗೆ ಒತ್ತಿ ಕೂತಿದೆ, ಸುತ್ತ ಸಣ್ಣ ಸಂದು ಕಾಣುತ್ತದೆ.

ಇದನ್ನು ಬಿಡಿಸುವುದು ಹೇಗೆ? ಬಣ್ಣ ಹಾಳಾಗಬಾರದು.

ಹಳೇ_ಸ್ಟೈರೀನ್:

ಅದು ಅಚ್ಚಿನ ಪಿನ್ ಗುರುತು. ಪ್ಲಾಸ್ಟಿಕ್ ಗಟ್ಟಿಯಾದ ಮೇಲೆ ಭಾಗವನ್ನು ಅಚ್ಚಿನಿಂದ ಹೊರಗೆ ತಳ್ಳುವ ಪಿನ್‌ಗಳಿರುತ್ತವೆ. ಅವು ಕೆಲವು ಕಡೆ ಕುಳಿ ಬಿಡುತ್ತವೆ, ಕೆಲವು ಕಡೆ ಉಬ್ಬು. ಅಂಟಿಸುವ ಮೊದಲು ಕೂಡುವ ಜಾಗಗಳ ಮೇಲೆಲ್ಲ ಒಮ್ಮೆ ಉಗುರು ಆಡಿಸಿ ನೋಡಬೇಕು. ಕಣ್ಣಿಗೆ ತಪ್ಪಿದ್ದು ಉಗುರಿಗೆ ಸಿಗುತ್ತದೆ.

ನೀವು ಸೂಪರ್ ಗ್ಲೂ ಹಾಕಿದ್ದು ಈಗ ಒಳ್ಳೆಯದೇ ಆಯಿತು. ಪ್ಲಾಸ್ಟಿಕ್ ಸಿಮೆಂಟ್ ಆಗಿದ್ದರೆ ಎರಡು ಭಾಗ ಕರಗಿ ಒಂದಾಗಿರುತ್ತಿದ್ದವು. ಸೂಪರ್ ಗ್ಲೂ ಚಳಿಗೆ ಪೆಡಸಾಗುತ್ತದೆ. ಚಕ್ರಗಳನ್ನು ಬಿಚ್ಚಿ, ಮಾಡೆಲ್ ಅನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ತೆಗೆದ ಕೂಡಲೇ, ಚೀಲದೊಳಗೇ ಇರುವಾಗ, ಪ್ಲೇಟ್‌ನ ಕಿವಿಯನ್ನು ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿ. ಮೇಲಕ್ಕೆ ಎತ್ತಬೇಡಿ, ಪೈಪ್ ಮುರಿಯುತ್ತದೆ. "ಟಿಕ್" ಅಂತ ಬಿಡುತ್ತದೆ. ಆಮೇಲೆ ಒಂದು ಗಂಟೆ ಚೀಲ ತೆರೆಯಬೇಡಿ. ನಿಮ್ಮ ಊರಿನ ಈ ಹವೆಯಲ್ಲಿ ತಣ್ಣನೆ ಮಾಡೆಲ್ ಹೊರಗೆ ತಂದರೆ ಮೈಯೆಲ್ಲ ನೀರಾಗುತ್ತದೆ.

ಉಬ್ಬನ್ನು ಹೊಸ ಬ್ಲೇಡಿನಿಂದ ಕೆರೆದು, 400 ನಂಬರ್ ಕಾಗದದಲ್ಲಿ ಉಜ್ಜಿ. ಎಂಜಿನ್ ಇಲ್ಲದೆ ಚಾಸಿಯನ್ನು ಗಾಜಿನ ಮೇಲಿಟ್ಟು ಕಡ್ಡಿ ಪರೀಕ್ಷೆ ಮತ್ತೆ ಮಾಡಿ. ಪೈಪ್ ತಾನಾಗಿಯೇ ನೇರವಾದರೆ ಸಂತೋಷ. ಮೂರು ತಿಂಗಳು ಹಾಗೇ ಕೂತಿದ್ದರಿಂದ ಸ್ವಲ್ಪ ಓರೆ ಉಳಿಯಬಹುದು. ಆಗ ಮಾತ್ರ ಬಿಸಿ ನೀರು. ಕುದಿಯುವ ನೀರು ಬೇಡ, ಬೆರಳಿಟ್ಟರೆ ತಕ್ಷಣ ಎಳೆದುಕೊಳ್ಳುವಷ್ಟು ಬಿಸಿ ಸಾಕು. ಪೈಪ್ ಅನ್ನು ಬೇಕಾದ ಕಡೆಗೆ ಒಂಚೂರು ಜಾಸ್ತಿಯೇ ತಿರುಚಿ ಹಿಡಿದು ಅದ್ದಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ಹೇರ್ ಡ್ರೈಯರ್ ಹತ್ತಿರ ತರಬೇಡಿ, ಈ ದಪ್ಪದ ಪ್ಲಾಸ್ಟಿಕ್ ಕ್ಷಣದಲ್ಲಿ ಸುರುಟುತ್ತದೆ.

ಮತ್ತೆ ಕೂರಿಸುವಾಗ ಅವಸರದ ಅಂಟು ಬೇಡ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಾಕಿ. ಪೈಪ್‌ಗಳನ್ನು ಮಾಸ್ಕಿಂಗ್ ಟೇಪ್‌ನಲ್ಲಿ ಗಾಜಿಗೆ ಕಟ್ಟಿ, ಎಂಜಿನ್ ತನ್ನ ಭಾರದಿಂದಲೇ ಕೂರಲಿ. ಒತ್ತಲೇಬೇಡಿ. ಒತ್ತಿದರೆ ಮಾತ್ರ ಕೂರುತ್ತದೆ ಅಂದರೆ ಇನ್ನೂ ಎಲ್ಲೋ ಉಜ್ಜುವುದಿದೆ ಅಂತ. 24 ಗಂಟೆ ಮುಟ್ಟಬೇಡಿ. ನಿಜವಾದ ಚಾಸಿಗಳನ್ನೂ ಜಿಗ್‌ನಲ್ಲಿ (ಅಲುಗಾಡದಂತೆ ಹಿಡಿಯುವ ಚೌಕಟ್ಟು) ಬಿಗಿದು ಹಿಡಿದೇ ವೆಲ್ಡ್ ಮಾಡುತ್ತಾರೆ.

ಬಿಚ್ಚಿದ ಟೈರ್‌ಗಳನ್ನು ಪ್ಲಾಸ್ಟಿಕ್ ಭಾಗಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಹಳೇ ಕಿಟ್‌ಗಳ ಮೆತ್ತನೆ ವಿನೈಲ್ ಟೈರ್‌ನಿಂದ ಎಣ್ಣೆಯಂಥದ್ದು ಜಿನುಗಿ ಸ್ಟೈರೀನ್ (ಕಿಟ್‌ನ ಪ್ಲಾಸ್ಟಿಕ್) ಅನ್ನು ತಿನ್ನುತ್ತದೆ.

ವೈಂಡಿಂಗ್_ತಂತಿ:

ಎಂಜಿನ್ ಹೇಗೂ ಹೊರಗೆ ಬರುತ್ತದೆ ಅಲ್ವಾ, ಪ್ಲಗ್ ವೈರ್ ಈಗಲೇ ಹಾಕಿಬಿಡಿ. ಆಮೇಲೆ ಬ್ಲೋವರ್ ಹಿಂದೆ ಬೆರಳು ಹೋಗುವುದಿಲ್ಲ. 392ರಲ್ಲಿ ಮ್ಯಾಗ್ನೆಟೋ (ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಸಾಧನ) ಎಂಜಿನ್‌ನ ಹಿಂಭಾಗದಲ್ಲಿದೆ. ಮುಂದೆ ಇರುವುದು ಆಮೇಲೆ ಬಂದ 426 ಹೆಮಿಯಲ್ಲಿ. ಅದರ ಫೋಟೋ ನೋಡಿ ಮೋಸಹೋಗಬೇಡಿ.

ನಿಜವಾದ ವೈರ್ 7ರಿಂದ 8 ಮಿ.ಮೀ. ದಪ್ಪ. 1/25ಕ್ಕೆ 0.3 ಮಿ.ಮೀ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 30 ಗೇಜ್ ತಾಮ್ರದ ತಂತಿ ಕೇಳಿ, ಅದು 0.315 ಮಿ.ಮೀ. ಬರುತ್ತದೆ. ಒಂದು ಗೇಣು ತಂತಿ ಸಾಕು. ಪ್ಲಗ್‌ಗಳು ವಾಲ್ವ್ ಕವರ್‌ನ ನಡುವೆಯೇ ಸಾಲಾಗಿವೆ, ಅಲ್ಲಿ 0.35 ಡ್ರಿಲ್‌ನಲ್ಲಿ ತೂತು ಹಾಕಿ. ಚಾಲಕನ ಎಡಗಡೆ ಮುಂದಿನಿಂದ 1, 3, 5, 7. ಬಲಗಡೆ 2, 4, 6, 8. ಮ್ಯಾಗ್ನೆಟೋ ಸುತ್ತ ಜೋಡಿಸುವ ಕ್ರಮ 1-8-4-3-6-5-7-2.

ಎಕ್ಸಾಸ್ಟ್ ಕೂಡ ನೋಡಿಕೊಳ್ಳಿ. ಟೈರ್ ಕಡೆಗೆ ಮೇಲ್ಮುಖವಾಗಿ ಬಾಗಿದ ಝೂಮಿ ಪೈಪ್ ಬಂದದ್ದು 1960ರ ದಶಕದ ಮಧ್ಯದಲ್ಲಿ. ಶುರುವಿನ ಕಾರಾದರೆ ಕೆಳಮುಖದ ಪೈಪ್ ಹಾಕಿ. ಫ್ಲೋರಿಡಾದ ಓಕಾಲಾದಲ್ಲಿ ಹೆಸರಾಂತ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಮ್ಯೂಸಿಯಂ ಇದೆ. ಅಲ್ಲಿರುವ ಸ್ವಾಂಪ್ ರ‍್ಯಾಟ್ ಕಾರುಗಳ ಫೋಟೋಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿದರೆ ಎಲ್ಲ ಬದಲಾವಣೆ ಕಾಣುತ್ತದೆ. 1964ರ ಆಗಸ್ಟ್‌ನಲ್ಲಿ ಅವರು ಗಂಟೆಗೆ 201.34 ಮೈಲಿ ಓಡಿಸಿದ್ದು ಇಂಥ ಸ್ಲಿಂಗ್‌ಶಾಟ್‌ನಲ್ಲೇ. 1970ರಲ್ಲಿ ಲಯನ್ಸ್ ಎಂಬ ರೇಸ್ ಪಥದಲ್ಲಿ ಟ್ರಾನ್ಸ್‌ಮಿಷನ್ ಸಿಡಿದು ಅವರ ಬಲ ಪಾದದ ಒಂದು ಭಾಗವೇ ಹೋಯಿತು. ಮರುವರ್ಷ ಅವರು ಎಂಜಿನ್ ಅನ್ನು ಬೆನ್ನ ಹಿಂದೆ ಇಟ್ಟ ಕಾರು ತಂದರು. ಅದು ಗೆಲ್ಲತೊಡಗಿದ ಮೇಲೆ ಸ್ಲಿಂಗ್‌ಶಾಟ್ ಕಾಲ ಮುಗಿಯುತ್ತಾ ಬಂತು. ಕಾಕ್‌ಪಿಟ್ ಕಟ್ಟುವಾಗ ಪೆಡಲ್‌ನಿಂದ ಕ್ಲಚ್ ಎಷ್ಟು ಹತ್ತಿರ ಇದೆ ಅಂತ ಗಮನಿಸಿ, ಆಗ ಅರ್ಥವಾಗುತ್ತದೆ.

ಅಂಟು_ಬ್ಲೇಡು:

ಕಡ್ಡಿ ಇಟ್ಟು ನೋಡುವುದು ನನಗೆ ಗೊತ್ತಿರಲಿಲ್ಲ. ಸ್ಪಿಂಡಲ್ ಕತ್ತರಿಸಿದ್ದ ನನ್ನ ಆ ಕಾರಿಗೂ ಈಗ ಇಟ್ಟು ನೋಡಿದೆ. ಅದರಲ್ಲೂ ಎಂಜಿನ್ ಹತ್ತಿರವೇ ತಿರುಚಿದೆ. ಅದನ್ನೂ ಫ್ರೀಜರ್‌ಗೆ ಹಾಕುತ್ತೇನೆ.

ಕರಾವಳಿ_ಮಾಡೆಲ್:

ಆರು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಫ್ರೀಜರ್‌ನಿಂದ ತೆಗೆದು ಎರಡನೇ ಸಲ ಒತ್ತಿದಾಗ ಬಿಟ್ಟಿತು. ಪೈಪ್‌ಗೆ ಏನೂ ಆಗಲಿಲ್ಲ, ಕಿವಿಯ ಹತ್ತಿರ ಅಕ್ಕಿ ಕಾಳಿನಷ್ಟು ಬಣ್ಣ ಹೋಯಿತು, ಅಷ್ಟೇ. ಉಬ್ಬು ಕೆರೆದ ಮೇಲೆ ಚಾಸಿ ಮುಕ್ಕಾಲು ಪಾಲು ತಾನಾಗಿಯೇ ನೇರವಾಯಿತು. ಉಳಿದದ್ದಕ್ಕೆ ಒಂದು ಸಲ ಬಿಸಿ ನೀರು ಸಾಕಾಯಿತು. ನಾನು ಮೊದಲು ಬಗ್ಗಿಸಿದ್ದ ಆ್ಯಕ್ಸಲ್ ಅನ್ನೂ ಗಾಜಿನ ಮೇಲಿಟ್ಟು ವಾಪಸ್ ನೇರ ಮಾಡಿದೆ.

ಪ್ಲಗ್ ವೈರ್ ಎಂಟೂ ಹಾಕಿ, ನಿನ್ನೆ ಎಂಜಿನ್ ಕೂರಿಸಿದೆ. ಈ ಸಲ ಒತ್ತದೇ ಕೂತಿತು. ಇವತ್ತು ಚಕ್ರ ಹಾಕಿ ಗಾಜಿನ ಮೇಲಿಟ್ಟು ನಾಲ್ಕೂ ಟೈರ್ ಕೆಳಗೆ ಒಂದೊಂದು ಚೀಟಿ ಸಿಕ್ಕಿಸಿ ಎಳೆದು ನೋಡಿದೆ. ನಾಲ್ಕೂ ಬಿಗಿಯಾಗಿವೆ. ಮೂಗಿನ ಕ್ಲಿಯರ್ ಇನ್ನೂ ಬೆಳ್ಳಗೇ ಇದೆ. ಇಲ್ಲಿ ಮಳೆ ನಿಂತಿಲ್ಲ, ಬಿಸಿಲಿಗೆ ಕಾಯುತ್ತಿದ್ದೇನೆ.