ಬಿಲ್ಲಿನಲ್ಲಿ ಮನೆಯೊಳಗಿನ ನೀರೆಷ್ಟು, ಹೊರಗಿನದೆಷ್ಟು? ಬೇರ್ಪಡಿಸುವುದು ಹೇಗೆ?

ಕೈತೋಟ: ಬೆಂಗಳೂರು, 40×60 ಸೈಟಿನ ಮನೆ, ನಾಲ್ಕು ಜನ. ಕಾವೇರಿ ನೀರು ಮಾತ್ರ, ಬೋರ್‌ವೆಲ್ ಇಲ್ಲ, ಮೀಟರ್ ಒಂದೇ. ಸೆಪ್ಟೆಂಬರ್ ಬಿಲ್ 15 ಕಿಲೋಲೀಟರ್, ಏಪ್ರಿಲ್‌ನದು 24. ಹುಲ್ಲುಹಾಸು 40 ಚದರ ಮೀಟರ್. ವಾರಕ್ಕೆರಡು ಸಲ ಪೈಪ್ ಹಿಡಿದು ಕಾರು ತೊಳೆಯುತ್ತೇವೆ. ಹೆಚ್ಚಾದ 9 ಕಿಲೋಲೀಟರ್ ಪೂರ್ತಿ ಹೊರಗಿನದೆಂದು ಹಿಡಿಯಬಹುದೇ?

ನೀರ್ಲೆಕ್ಕ: ಪೂರ್ತಿ ಹಿಡಿಯಬೇಡಿ. ಗಿಡಕ್ಕೆ ನೀರು ಹಾಕದ ತಿಂಗಳನ್ನು ಒಳಬಳಕೆ ಎಂದುಕೊಂಡು ಉಳಿದ ತಿಂಗಳಿಂದ ಕಳೆಯುವ ಕ್ರಮ ಸರಿಯೇ. ನಿಮ್ಮ ಸೆಪ್ಟೆಂಬರ್ ದಿನಕ್ಕೆ 500 ಲೀಟರ್, ಅಂದರೆ ತಲೆಗೆ 125. ನಗರದ ಮನೆಗಳಿಗೆ ಹಿಡಿಯುವ 135 ಲೀಟರಿಗೆ ಹತ್ತಿರವೇ ಇದೆ. ಆದರೆ ಬೇಸಿಗೆಯಲ್ಲಿ ಸ್ನಾನ, ಬಟ್ಟೆ ಒಗೆಯುವುದು ಎರಡೂ ಏರುತ್ತವೆ. ಹಾಗಾಗಿ ಆ 9ರಲ್ಲಿ ಒಳಗಿನ ಪಾಲೂ ಇರುತ್ತದೆ.

ಹೊರಗಿನದನ್ನು ಬೇರೆಯಾಗಿಯೇ ಅಳೆಯಿರಿ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಏಪ್ರಿಲ್ ಬಿಸಿಲಿಗೆ ಹುಲ್ಲುಹಾಸಿಗೆ ದಿನಕ್ಕೆ ಸುಮಾರು 4 ಮಿ.ಮೀ. ಎಂದಿಟ್ಟುಕೊಂಡರೆ 160 ಲೀಟರ್, ತಿಂಗಳಿಗೆ 4.8 ಕಿಲೋಲೀಟರ್. ಇದು ಹುಲ್ಲಿಗೆ ಬೇಕಾದದ್ದು. ನೀವು ಬಿಡುತ್ತಿರುವುದೆಷ್ಟು ಎಂದು ತಿಳಿಯಲು ಅದೇ ಪೈಪಿನಿಂದ 20 ಲೀಟರ್ ಬಕೆಟ್ ತುಂಬಿಸಿ ಗಡಿಯಾರ ನೋಡಿ. 80 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 15 ಲೀಟರ್. ಹತ್ತು ನಿಮಿಷ ಕಾರು ತೊಳೆದರೆ 150 ಲೀಟರ್ ಹೋಯಿತು. ಬಕೆಟ್, ಬಟ್ಟೆಯಲ್ಲಾದರೆ 40 ಸಾಕು.

ಸಂಪ್‌ಮನೆ: ಸೆಪ್ಟೆಂಬರ್ ಬಿಲ್ ನಂಬುವ ಮೊದಲು ಮಳೆನೀರಿನ ಪೈಪ್ ಎಲ್ಲಿಗೆ ಹೋಗುತ್ತದೆ ನೋಡಿ. 40×60 ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ, ಅನೇಕರದು ಸಂಪಿಗೇ ಬಿಟ್ಟಿರುತ್ತದೆ. 100 ಚದರ ಮೀಟರ್ ತಾರಸಿಗೆ 20 ಮಿ.ಮೀ. ಮಳೆ ಬಿದ್ದರೆ ಸೋರಿಕೆ ಕಳೆದು 1,600 ಲೀಟರ್ ಸಂಪಿಗೆ ಬರುತ್ತದೆ, ಮೀಟರಿಗೆ ಗೊತ್ತೇ ಆಗುವುದಿಲ್ಲ. ಒಳಬಳಕೆ ಕಡಿಮೆ ಕಾಣುವುದು ಇದರಿಂದ. ಲೆಕ್ಕ ಹಾಕುವ ತಿಂಗಳು ಮಳೆನೀರನ್ನು ಇಂಗುಗುಂಡಿಗೆ ತಿರುಗಿಸಿ. ದಸರಾ ರಜೆಗೆ ಊರಿಗೆ ಹೋಗಿಬಂದ ತಿಂಗಳನ್ನೂ ಕೈಬಿಡಿ.

ಸೋರಿಕೆಯನ್ನೂ ನೋಡಿ. ರಾತ್ರಿ 11ಕ್ಕೆ ಮೇಲಿನ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ಪಂಪ್ ಆಫ್ ಇಟ್ಟು, ಬೆಳಗ್ಗೆ 5ಕ್ಕೆ ಅಳೆಯಿರಿ. ಒಳವ್ಯಾಸ 1.1 ಮೀಟರ್ ಇರುವ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಇಳಿದರೆ 9.5 ಲೀಟರ್. ಯಾರೂ ನಲ್ಲಿ ತಿರುಗಿಸದೆ ಎರಡು ಸೆಂ.ಮೀ. ಇಳಿದಿದ್ದರೆ ತಿಂಗಳಿಗೆ 2.3 ಕಿಲೋಲೀಟರ್ ಸೋರಿಕೆ, ಹೆಚ್ಚಾಗಿ ಫ್ಲಶ್ ಟ್ಯಾಂಕಿನದು. ಇದು ಎರಡೂ ತಿಂಗಳಿನಲ್ಲಿ ಇರುವುದರಿಂದ ವ್ಯತ್ಯಾಸದಲ್ಲಿ ಕಾಣುವುದಿಲ್ಲ, ಒಳಬಳಕೆಯನ್ನು ಉಬ್ಬಿಸುತ್ತದೆ.

ಪ್ಲಂಬಿಂಗ್: ಖಚಿತ ಲೆಕ್ಕ ಬೇಕಿದ್ದರೆ ತೋಟದ ಲೈನಿಗೆ ಅರ್ಧ ಇಂಚಿನ ಮೀಟರ್ ಹಾಕಿಸಿ. ಮೊದಲು ಬಾಲ್ ವಾಲ್ವ್, ಆಮೇಲೆ ಜಾಲರಿ, ಆಮೇಲೆ ಮೀಟರ್. ಅಡ್ಡವಾಗಿ, ಬಾಣದ ಗುರುತು ನೀರು ಹರಿಯುವ ಕಡೆಗೆ. ಜಾಲರಿ ಇಲ್ಲದಿದ್ದರೆ ಟ್ಯಾಂಕಿನ ಕೆಸರು ಸಿಕ್ಕಿ ಮುಳ್ಳು ನಿಧಾನವಾಗುತ್ತದೆ. ಹಾಕಿಸುವ ಮುಂಚೆ ತೋಟದ ನಲ್ಲಿ ಎಲ್ಲಿಂದ ಬರುತ್ತದೆಂದು ಪತ್ತೆ ಮಾಡಿ: ಮೇಲಿನ ಟ್ಯಾಂಕಿನದೋ, ನೇರ ಕಾವೇರಿ ಲೈನಿನದೋ? ನೇರ ಲೈನಾದರೆ ನೀರು ಬಿಡುವ ಹೊತ್ತಿಗೆ ಗಾಳಿ ಬಂದು ಮೀಟರ್ ಸುಮ್ಮನೆ ಓಡಬಹುದು.

ನೀರ್ಲೆಕ್ಕ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಾರು ತೊಳೆಯಲು, ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶ ಮಾಡಿತ್ತು. ವಾಷಿಂಗ್ ಮಷಿನ್ ಕೊನೆ ಸಲ ಜಾಲಿಸಿದ ನೀರನ್ನು ತೋಟಕ್ಕೆ ಬಿಟ್ಟು ನೋಡಿ. ಆಗ ಮೀಟರಿನ ಲೆಕ್ಕದಲ್ಲಿ ಅದು ಒಳಬಳಕೆಯೇ, ಮತ್ತೊಮ್ಮೆ ಹೊರಗಿನದೆಂದು ಕೂಡಿಸಬೇಡಿ.